ಬೆಸ ಸಂಖ್ಯೆಯ ಸೊಪ್ಪು: ನ್ಯೂ ಆರ್ಲಿಯನ್ಸ್‌ನಲ್ಲಿ ನಾಲ್ಕು ದಿನ

ಮೊದಲ ದಿನ, ಭಾನುವಾರ

ಮಂಡ್ಯದಲ್ಲಿ 22 ವರ್ಷ ಮೆಸ್ ನಡೆಸಿದವಳು ನಾನು. ಕಾಲೇಜು ಹುಡುಗರು, ಕೋರ್ಟಿಗೆ ಅಲೆಯುವವರು, ಕೊನೆ ಬಸ್ ತಪ್ಪಿಸಿಕೊಂಡವರು, ಎಲ್ಲರೂ ನಮ್ಮ ಬೆಂಚಿನ ಮೇಲೆ ಕೂತು ಉಂಡವರೇ. ಈಗ ಮೆಸ್ಸನ್ನು ತಮ್ಮನ ಮಗ ನೋಡಿಕೊಳ್ಳುತ್ತಾನೆ. ನಾನು ಆರು ತಿಂಗಳಿಗೆ ಅಂತ ಹ್ಯೂಸ್ಟನ್‌ನಲ್ಲಿರುವ ಮಗಳ ಮನೆಗೆ ಬಂದಿದ್ದೇನೆ.

ಬಂದ ವಾರವೇ ಮೊಮ್ಮಗಳು ಪಕ್ಕ ಕೂರಿಸಿಕೊಂಡು ಒಂದು ಕಾರ್ಟೂನ್ ಸಿನಿಮಾ ತೋರಿಸಿದಳು. 2009ರಲ್ಲಿ ಡಿಸ್ನಿಯವರು ಮಾಡಿದ್ದು. ಅದರಲ್ಲಿ ಟಿಯಾನಾ ಅನ್ನುವ ಕಪ್ಪು ಹುಡುಗಿ. ಅವಳಿಗೆ ರಾಜಕುಮಾರನೂ ಬೇಡ, ಅರಮನೆಯೂ ಬೇಡ. ಸ್ವಂತ ಹೋಟೆಲ್ ಬೇಕು. ನಾನು ನೆಟ್ಟಗೆ ಕೂತೆ. ಇಷ್ಟು ವರ್ಷದಲ್ಲಿ ಬಂಡವಾಳದ ಚಿಂತೆ ಮಾಡುವ ರಾಜಕುಮಾರಿಯನ್ನು ನೋಡಿದ್ದು ಇದೇ ಮೊದಲು. "ಇದು ನಿಜವಾದ ಒಬ್ಬರನ್ನ ನೋಡಿ ಮಾಡಿದ್ದಂತೆ ಅಮ್ಮ. ನ್ಯೂ ಆರ್ಲಿಯನ್ಸ್‌ನವರು, ಲೀಯಾ ಚೇಸ್ ಅಂತ. ಅವರ ಹೋಟೆಲ್ ಈಗಲೂ ಇದೆ" ಎಂದಳು ಮಗಳು. ಹಾಗಿದ್ದರೆ ಹೋಗೋಣ ಎಂದೆ. ಮಾರ್ಚ್‌ನಲ್ಲಿ ಮೊಮ್ಮಗಳ ಶಾಲೆಗೆ ಒಂದು ವಾರ ರಜೆ ಸಿಕ್ಕಿತು. ಹೊರಟೆವು.

ಹ್ಯೂಸ್ಟನ್‌ನಿಂದ ಸುಮಾರು 560 ಕಿಲೋಮೀಟರ್. ಇಂಟರ್‌ಸ್ಟೇಟ್ 10 ಹಿಡಿದು ಪೂರ್ವಕ್ಕೆ ಹೋಗುತ್ತಲೇ ಇರುವುದು, ಅಷ್ಟೇ. ಲೂಸಿಯಾನಾದಲ್ಲಿ ಅಚಾಫಲಾಯಾ ಅನ್ನುವ ಜೌಗು ಪ್ರದೇಶ ಬರುತ್ತದೆ. ಅದರ ಮೇಲೆ 29 ಕಿಲೋಮೀಟರ್ ಉದ್ದದ ಸೇತುವೆ. ಕೆಳಗೆ ಕಪ್ಪು ನೀರು, ನೀರಲ್ಲೇ ನಿಂತ ಮರಗಳು. "ಅಜ್ಜಿ, ಮೊಸಳೆ ಕಾಣುತ್ತಾ ನೋಡು" ಅಂತ ಮೊಮ್ಮಗಳು ಅರ್ಧ ಗಂಟೆ ನನ್ನನ್ನು ಕಿಟಕಿಗೆ ಅಂಟಿಸಿದಳು. ಒಂದೂ ಕಾಣಲಿಲ್ಲ.

ಊರು ಸೇರಿದಾಗ ಸಂಜೆ ನಾಲ್ಕು. ರೂಮಿನಲ್ಲಿ ಬ್ಯಾಗ್ ಇಟ್ಟು ಫ್ರೆಂಚ್ ಕ್ವಾರ್ಟರ್ ಕಡೆ ನಡೆದೆವು. ಕಬ್ಬಿಣದ ಬಳ್ಳಿ ಕೆತ್ತನೆಯ ಉಪ್ಪರಿಗೆಗಳು, ಬೀದಿಗೊಂದು ಟ್ರಂಪೆಟ್, ಜೊತೆಗೆ ಸ್ವಲ್ಪ ಚರಂಡಿ ವಾಸನೆ. 1862ರಿಂದ ನಡೆಯುತ್ತಿರುವ ಕೆಫೆ ಡು ಮೊಂಡ್‌ನಲ್ಲಿ ಕೂತೆವು. ಬೆನ್ಯೆ ಅಂತ ಕೊಡುತ್ತಾರೆ. ಚೌಕಾಕಾರದ ಬೋಂಡಾ ಅಂದುಕೊಳ್ಳಿ, ಮೇಲೆ ಗುಡ್ಡೆ ಸಕ್ಕರೆ ಪುಡಿ. ಅದನ್ನು ತಿನ್ನುವಾಗ ನಗಬಾರದು. ಅಳಿಯ ನಕ್ಕ, ಅವನ ಕರಿ ಶರ್ಟಿನ ಮೇಲೆಲ್ಲ ವಿಭೂತಿ ಬಳಿದ ಹಾಗಾಯಿತು.

ಕಾಫಿ ಒಂದು ಗುಟುಕು ಕುಡಿದವಳೇ ಲೋಟ ಕೆಳಗಿಟ್ಟೆ. ಚಿಕೋರಿ! ಅಮೆರಿಕಕ್ಕೆ ಬಂದಾಗಿನಿಂದ ಕಾಫಿ ಅಂತ ಕುಡಿದದ್ದೆಲ್ಲ ಕಷಾಯವೇ. ಇಲ್ಲಿ ಮಾತ್ರ ನಮ್ಮ ಊರಿನ ಪುಡಿ ಅಂಗಡಿಯ ಘಮ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಈ ಬಂದರಿಗೆ ದಿಗ್ಬಂಧನ ಹಾಕಿದಾಗ ಕಾಫಿ ಬೀಜ ಸಿಗದೆ ಚಿಕೋರಿ ಬೆರೆಸಿದರಂತೆ. ಆಮೇಲೆ ಬೀಜ ಬಂದರೂ ನಾಲಿಗೆ ಚಿಕೋರಿ ಬಿಡಲಿಲ್ಲ. ಎರಡನೇ ಲೋಟ ತರಿಸಿಕೊಂಡೆ.

ಕತ್ತಲಾಗುವ ಮೊದಲು ಷಾರ್ಟ್ರಸ್ ಬೀದಿಯಲ್ಲಿ ಒಂದು ಸುತ್ತು ಹಾಕಿದೆವು. ಹದಿನೆಂಟರ ಆಸುಪಾಸಿನಲ್ಲಿ ಲೀಯಾ ಈ ಬೀದಿಯ ಕಲೋನಿಯಲ್ ಅನ್ನುವ ರೆಸ್ಟೋರೆಂಟ್‌ನಲ್ಲಿ ಕೆಲಸಕ್ಕೆ ಸೇರಿದರು. ಟೇಬಲ್ಲಿಗೆ ಬಡಿಸುವ ಕೆಲಸ. ಅವರ ವಯಸ್ಸಿನ ಕಪ್ಪು ಹುಡುಗಿಯರು ಹೆಚ್ಚಾಗಿ ಹೊಲಿಗೆಗೋ ಮನೆಗೆಲಸಕ್ಕೋ ಹೋಗುತ್ತಿದ್ದ ಕಾಲ. ಆವರೆಗೆ ಅವರು ಒಂದು ರೆಸ್ಟೋರೆಂಟಿನ ಒಳಗೆ ಕಾಲಿಟ್ಟವರೇ ಅಲ್ಲ. ಕಾಲಿಡುವಂತೆಯೂ ಇರಲಿಲ್ಲ. ಬಡಿಸಬಹುದು, ಪಾತ್ರೆ ತೊಳೆಯಬಹುದು. ಅದೇ ಕುರ್ಚಿಯ ಮೇಲೆ ಗಿರಾಕಿಯಾಗಿ ಕೂರುವಂತಿಲ್ಲ, ಅಲ್ಲಿ ಬಿಳಿಯರು ಮಾತ್ರ.

ಇದನ್ನು ಮಗಳು ಹೇಳುವಾಗ ಅಳಿಯ "ಎಂಥಾ ಜನ ಇದ್ರು ಅತ್ತೆ" ಅಂದ. ನಾನು ಮಾತಾಡಲಿಲ್ಲ. ನಮ್ಮೂರ ಟೀ ಅಂಗಡಿಯ ಸೂರಿನಡಿ ಎರಡು ಲೋಟ ಬೇರೆ ಸಿಕ್ಕಿಸಿಟ್ಟಿರುತ್ತಿದ್ದರು. ಅವು ಯಾರಿಗೆ ಅಂತ ಊರಿಗೆಲ್ಲ ಗೊತ್ತು. ಕುಡಿದ ಮೇಲೆ ಅವರೇ ತೊಳೆದು ಅಲ್ಲೇ ಸಿಕ್ಕಿಸಬೇಕು. ನಮ್ಮಪ್ಪ ದಿನಾ ಅದೇ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದರು. ನಾನೂ ಅವರ ಕೈ ಹಿಡಿದು ಹೋಗಿ ಬನ್ ತಿಂದು ಬಂದವಳೇ.

ಎರಡನೇ ದಿನ, ಸೋಮವಾರ

ಇವತ್ತಿನ ಎಡವಟ್ಟಿಗೆ ಅಳಿಯನೇ ಕಾರಣ. ಅವನ ಪ್ಲಾನ್ ಪ್ರಕಾರ ಮಧ್ಯಾಹ್ನದ ಊಟ ಲೀಯಾ ಅವರ ಹೋಟೆಲ್ ಡೂಕಿ ಚೇಸ್‌ನಲ್ಲಿ. ಹನ್ನೊಂದಕ್ಕೇ ಹೋಗಿ ಓರ್ಲಿಯನ್ಸ್ ಅವೆನ್ಯೂ 2301ರ ಮುಂದೆ ನಿಂತೆವು. ಬಾಗಿಲು ಹಾಕಿದೆ. ಸೋಮವಾರ ರಜೆ. ನನಗೇನೂ ಬೇಜಾರಾಗಲಿಲ್ಲ. ಮೆಸ್ ನಡೆಸಿದವರಿಗೆ ವಾರದ ರಜೆ ಎಂಥ ಅಮೃತ ಅಂತ ಗೊತ್ತಿರುತ್ತದೆ.

ಮುಚ್ಚಿದ ಹೋಟೆಲನ್ನು ಹೊರಗಿನಿಂದ ನೋಡುವುದರಲ್ಲೂ ಒಂದು ಲಾಭ ಇದೆ. ಜಾಗ ಗೊತ್ತಾಗುತ್ತದೆ. ಇದು ಮೂಲೆ ಕಟ್ಟಡ, ಎರಡು ಬೀದಿ ಕೂಡುವ ಕಡೆ. ವ್ಯಾಪಾರಕ್ಕೆ ಮೂಲೆ ಅಂಗಡಿಯಂಥದ್ದು ಬೇರೊಂದಿಲ್ಲ. 1939ರಲ್ಲಿ ಲೀಯಾ ಅವರ ಮಾವ ಎಡ್ಗರ್ ಚೇಸ್, ಅತ್ತೆ ಎಮಿಲಿ ಇಲ್ಲಿ ಸಣ್ಣ ಅಂಗಡಿ ತೆರೆದರು. ಮಾವನ ಅಡ್ಡಹೆಸರು ಡೂಕಿ. ಮಾರುತ್ತಿದ್ದದ್ದು ಲಾಟರಿ ಟಿಕೆಟ್ ಮತ್ತು ಪೋ ಬಾಯ್, ಅಂದರೆ ಉದ್ದ ಬ್ರೆಡ್ಡಿನೊಳಗೆ ಮೀನೋ ಮಾಂಸವೋ ತುಂಬಿದ ಬಡವರ ಊಟ. ಎರಡು ವರ್ಷದಲ್ಲಿ ಅದು ಕೂತು ಉಣ್ಣುವ ಜಾಗವಾಯಿತು.

ಅಡುಗೆ, ಲೆಕ್ಕ ಎರಡೂ ಎಮಿಲಿ ಕೈಯಲ್ಲಿ. ಅಲ್ಲೇ ಚೆಕ್ಕನ್ನು ನಗದು ಮಾಡಿಕೊಡುತ್ತಿದ್ದರಂತೆ. ಕಪ್ಪು ಜನಕ್ಕೆ ಬ್ಯಾಂಕಿನ ಬಾಗಿಲು ಸುಲಭಕ್ಕೆ ತೆರೆಯದ ಕಾಲ. ಶುಕ್ರವಾರ ಕೂಲಿ ಚೆಕ್ ಹಿಡಿದು ಜನ ಇಲ್ಲಿಗೆ ಬರುವುದು, ನಗದು ಎಣಿಸಿಕೊಳ್ಳುವುದು, ಹಾಗೇ ಒಂದು ಸ್ಯಾಂಡ್‌ವಿಚ್, ಒಂದು ಬಿಯರ್. ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. ಶುಕ್ರವಾರಕ್ಕೆ ಅಷ್ಟು ನಗದು ಹೊಂದಿಸಿ ಇಟ್ಟುಕೊಳ್ಳುವುದು ಅಂದರೆ ಹುಡುಗಾಟವಾ? ನಂಬಿಕೆ ಬೇರೆ, ಕೈಯಲ್ಲಿ ದುಡ್ಡಿರುವುದು ಬೇರೆ. ನನ್ನ ಮೆಸ್ಸಿನಲ್ಲೂ ಒಂದು ಲೆಕ್ಕದ ಪುಸ್ತಕ ಇತ್ತು. ತಿಂಗಳ ಕೊನೆಗೆ ಹುಡುಗರ ಮನೆಯಿಂದ ದುಡ್ಡು ಬರುವವರೆಗೆ ಬರೆದಿಡುವುದು. ಕೆಲವರು ಇನ್ನೂ ಕೊಟ್ಟಿಲ್ಲ. ಇರಲಿ.

ಇಲ್ಲಿಂದ ಹತ್ತು ನಿಮಿಷ ನಡೆದರೆ ಕ್ಲೇಬೋರ್ನ್ ಅವೆನ್ಯೂ. ನನ್ನ ಮಂಡಿಗೆ ಅದು ಇಪ್ಪತ್ತು ನಿಮಿಷ. ತಲೆಯ ಮೇಲೆ ದೊಡ್ಡ ಫ್ಲೈಓವರ್, ನಾವು ಹ್ಯೂಸ್ಟನ್‌ನಿಂದ ಬಂದ ಅದೇ ಇಂಟರ್‌ಸ್ಟೇಟ್ 10. ಅದರಡಿ ಕತ್ತಲು, ಕಾರು ನಿಲ್ಲಿಸುವ ಜಾಗ. ಒಂದು ಕಾಲಕ್ಕೆ ಇಲ್ಲಿ ನಡುಬೀದಿಯ ಉದ್ದಕ್ಕೂ ಓಕ್ ಮರಗಳ ಸಾಲಿತ್ತು. ಎರಡೂ ಕಡೆ ಕಪ್ಪು ಜನರ ಅಂಗಡಿಗಳು, ದರ್ಜಿಗಳು, ಔಷಧಿ ಅಂಗಡಿ, ವಿಮಾ ಕಚೇರಿ. 1966ರಲ್ಲಿ ಮರ ಕಡಿದು ಮೇಲೆ ರಸ್ತೆ ಎತ್ತಿದರು. ಅಂಗಡಿಗಳು ಒಂದೊಂದಾಗಿ ಹೋದವು. ಕಂಬಗಳ ಮೇಲೆ ಈಗ ಯಾರೋ ಓಕ್ ಮರದ ಚಿತ್ರ ಬರೆದಿದ್ದಾರೆ. ಮೈಸೂರು–ಬೆಂಗಳೂರು ಹೈವೇ ಊರ ಹೊರಗೆ ಹೋದ ಮೇಲೆ ಹಳೇ ರಸ್ತೆಯ ಹೋಟೆಲುಗಳ ಗತಿ ಏನಾಯಿತು ಅಂತ ಕಣ್ಣಾರೆ ಕಂಡವಳು ನಾನು. ಆದರೂ ನಮ್ಮಲ್ಲಿ ರಸ್ತೆ ಪಕ್ಕಕ್ಕೆ ಸರಿಯಿತು, ಇಲ್ಲಿ ನೆತ್ತಿಯ ಮೇಲೇ ಬಂತು.

ಮಧ್ಯಾಹ್ನ ಬೇರೊಂದು ಕಡೆ ಊಟ. ಸೋಮವಾರ ಅಂದರೆ ಈ ಊರಲ್ಲಿ ಕೆಂಪು ಹುರುಳಿಕಾಯಿ ಕಾಳು, ಅನ್ನ. ಸೋಮವಾರ ಬಟ್ಟೆ ಒಗೆಯುವ ದಿನವಂತೆ. ಒಲೆಯ ಮೇಲೆ ಕಾಳು ಇಟ್ಟು ಹೆಂಗಸರು ಬಟ್ಟೆ ಒಗೆಯಲು ಕೂರುತ್ತಿದ್ದರು, ಅದರ ಪಾಡಿಗೆ ಅದು ಬೇಯುತ್ತಿತ್ತು. ಈಗ ವಾಷಿಂಗ್ ಮಷೀನ್ ಬಂದಿದೆ, ಸೋಮವಾರದ ಕಾಳು ಮಾತ್ರ ಹಾಗೇ ಉಳಿದಿದೆ. ಕೇಳಿದರೆ ಹಂದಿ ಮಾಂಸ ಹಾಕಿದ್ದೇವೆ ಎಂದರು. ನಾವು ಕೋಳಿ, ಕುರಿ, ಮೀನು ತಿನ್ನುವವರು. ಹಂದಿ, ದನ ನಮ್ಮ ಮನೆಯಲ್ಲಿ ಇಲ್ಲ. ಹಾಗಾಗಿ ನನಗೆ ಬ್ರೆಡ್ಡು, ಕರಿದ ಮೀನು.

ಸಂಜೆ ಟ್ರಾಮ್ ಹತ್ತಿ ಕೆನಾಲ್ ಬೀದಿಗೆ ಹೋದೆವು. 1960ರ ಸೆಪ್ಟೆಂಬರ್‌ನಲ್ಲಿ ಈ ಬೀದಿಯ ಮೆಕ್ರೋರಿ ಅನ್ನುವ ಅಂಗಡಿಯಲ್ಲಿ ನಾಲ್ಕು ಜನ ಹುಡುಗರು ಊಟದ ಕೌಂಟರಿನ ಮುಂದೆ ಸುಮ್ಮನೆ ಕೂತರು. ಮೂವರು ಕಪ್ಪು, ಒಬ್ಬ ಬಿಳಿಯ. ಅವರಲ್ಲಿ ಒಬ್ಬಳು ಒರೆಥಾ ಕ್ಯಾಸಲ್. ಬಡಿಸಲಿಲ್ಲ, ಅವರು ಏಳಲಿಲ್ಲ, ಪೊಲೀಸರು ಹಿಡಿದುಕೊಂಡು ಹೋದರು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1963ರಲ್ಲಿ ಅವರ ಕಡೆ ತೀರ್ಪಾಯಿತು. ಈ ಹೋರಾಟದ ಹುಡುಗರು ಸಭೆ ಮಾಡುತ್ತಿದ್ದ, ಉಣ್ಣುತ್ತಿದ್ದ ಜಾಗ ಬೆಳಿಗ್ಗೆ ನಾವು ನಿಂತು ನೋಡಿ ಬಂದ ಆ ಮೂಲೆ ಹೋಟೆಲು.

ಮೂರನೇ ದಿನ, ಮಂಗಳವಾರ

ಇವತ್ತು ಬಾಗಿಲು ತೆರೆದಿತ್ತು. ಮೊದಲು ಮೂಗಿಗೆ ಬಿದ್ದದ್ದು ಹಿಟ್ಟು ಹುರಿದ ವಾಸನೆ. ಎಣ್ಣೆಯಲ್ಲಿ ಮೈದಾ ಹಿಟ್ಟನ್ನು ಕಂದು ಬಣ್ಣ ಬರುವವರೆಗೆ ಕೈಯಾಡಿಸುತ್ತಲೇ ಹುರಿಯುತ್ತಾರೆ. ಅದಕ್ಕೆ ರೂ ಅಂತ ಹೆಸರು. ಒಂದು ನಿಮಿಷ ಕೈಬಿಟ್ಟರೆ ಸೀದು ಹೋಗುತ್ತದೆ, ಸೀದರೆ ಚೆಲ್ಲಿ ಹೊಸದಾಗಿ ಶುರು ಮಾಡಬೇಕು. ರಾಗಿ ಹಿಟ್ಟು ಗಂಟು ಕಟ್ಟಿದರೆ ಮುದ್ದೆ ತಿರುವುವವಳಿಗೆ ಹೇಗಾಗುತ್ತದೋ ಹಾಗೇ.

ಒಳಗೆ ಬಿಳಿ ಮೇಜುಬಟ್ಟೆ, ಗಾಜಿನ ಲೋಟ, ಮಡಚಿಟ್ಟ ಕರವಸ್ತ್ರ. ಗೋಡೆ ತುಂಬ ಚಿತ್ರಗಳು. ಇದಕ್ಕೂ ಒಂದು ಕಥೆ ಇದೆ, ಅದು ಅತ್ತೆ ಸೊಸೆ ಕಥೆ.

1946ರಲ್ಲಿ ಲೀಯಾ ಈ ಮನೆಯ ಮಗ ಡೂಕಿ ಜೂನಿಯರ್‌ನನ್ನು ಮದುವೆಯಾದರು. ಅವನು ಟ್ರಂಪೆಟ್ ಊದುವವನು, ಸ್ವಂತ ಬ್ಯಾಂಡ್ ಇತ್ತು. ಮಕ್ಕಳು ಶಾಲೆಗೆ ಹೋಗುವಷ್ಟಾದ ಮೇಲೆ ಲೀಯಾ ಅತ್ತೆಯ ಹೋಟೆಲಿಗೆ ಕಾಲಿಟ್ಟರು. ಫ್ರೆಂಚ್ ಕ್ವಾರ್ಟರ್‌ನಲ್ಲಿ ಬಿಳಿಯರು ಹೇಗೆ ಉಣ್ಣುತ್ತಾರೆ ಅಂತ ನೋಡಿದ್ದರಲ್ಲ, ಅದೆಲ್ಲ ನಮ್ಮ ಜನಕ್ಕೂ ಸಿಗಬೇಕು ಅಂತ ಹಟ. ಮೇಜುಬಟ್ಟೆ ಬಂತು. ಚಮಚಗಳು ಬಂದವು. ಮೆನುವಿಗೆ ಲಾಬ್‌ಸ್ಟರ್ ಥರ್ಮಿಡೋರ್ ಅಂತ ಒಂದು ಸೇರಿತು, ದೊಡ್ಡ ಸಮುದ್ರ ಸೀಗಡಿಯನ್ನು ಕೆನೆಯಲ್ಲಿ ಬೇಯಿಸಿ ಅದರ ಚಿಪ್ಪಿನಲ್ಲೇ ಬಡಿಸುವುದು. ಗಿರಾಕಿಗಳು ಬಂದು ಅತ್ತೆಯ ಹತ್ತಿರ ದೂರಿದರು. ಈ ಸೊಸೆ ನಿಮ್ಮ ವ್ಯಾಪಾರ ಮುಳುಗಿಸುತ್ತಾಳೆ ಅಂತ! ಅದನ್ನು ಓದಿ ನಾನು ಜೋರಾಗಿ ನಕ್ಕುಬಿಟ್ಟೆ. ನಾನೂ ಒಂದು ವರ್ಷ ಮೆಸ್ಸಿನಲ್ಲಿ ಗೋಬಿ ಮಂಚೂರಿ ಇಟ್ಟಿದ್ದೆ. "ಅಕ್ಕ, ಇದೆಲ್ಲ ಬೇಡ, ಉಪ್ಸಾರು ಇಲ್ವಾ?" ಅಂತ ಹುಡುಗರು ಕೇಳಿದ್ದರು.

ಲೀಯಮ್ಮ ಸೋಲು ಒಪ್ಪಿಕೊಂಡರು, ಅರ್ಧ ಮಾತ್ರ. (ಇಲ್ಲಿ ಎಲ್ಲರೂ ಅವರನ್ನು ಮಿಸ್ ಲೀಯಾ ಅನ್ನುತ್ತಾರೆ. ನನ್ನ ಬಾಯಿಗೆ ಲೀಯಮ್ಮ ಅಂತಲೇ ಬರುತ್ತಿತ್ತು.) ಥರ್ಮಿಡೋರ್ ಹೋಯಿತು, ಮನೆಯ ಕ್ರಿಯೋಲ್ ಅಡುಗೆ ಬಂತು, ಅಂದರೆ ಫ್ರೆಂಚರ, ಆಫ್ರಿಕಾದವರ ರುಚಿ ಬೆರೆತ ಈ ಊರಿನ ಅಡುಗೆ. ಗಂಬೋ ಅನ್ನುವ ಗಟ್ಟಿ ಸಾರು, ಕರಿದ ಕೋಳಿ, ತುಂಬಿದ ಸೀಗಡಿ. ಮೇಜುಬಟ್ಟೆಯನ್ನು ಮಾತ್ರ ತೆಗೆಯಲಿಲ್ಲ. ಊರಿನ ಬೇರೆಲ್ಲೂ ಹೀಗೆ ಕೂರಲು ಆಗದ ಜನ ಮದುವೆ, ಹುಟ್ಟುಹಬ್ಬ, ಹೊಸ ಕೆಲಸ ಎಲ್ಲಕ್ಕೂ ಇಲ್ಲಿಗೇ ಬರತೊಡಗಿದರು.

ಬಡಿಸಲು ಬಂದ ಹೆಂಗಸಿಗೆ ಐವತ್ತರ ಮೇಲಿರಬೇಕು. ನನ್ನನ್ನು "ಬೇಬಿ" ಅಂದರು. ಅರವತ್ತನಾಲ್ಕು ವರ್ಷದವಳಿಗೆ ಬೇಬಿ! ಈ ಊರಲ್ಲಿ ಎಲ್ಲರೂ ಎಲ್ಲರಿಗೂ ಬೇಬಿಯೇ ಅಂತೆ. ಗಂಬೋದಲ್ಲಿ ಏನೇನಿದೆ ಅಂತ ಕೇಳಿದೆ. ಏಡಿ, ಸೀಗಡಿ, ಎರಡು ಥರದ ಸಾಸೇಜು, ಹಂದಿ, ಕರುವಿನ ಮಾಂಸ ಅಂತ ಹೇಳುತ್ತಾ ಹೋದರು. ನನ್ನ ಮುಖ ನೋಡಿ ಅರ್ಥವಾಯಿತು ಅನಿಸುತ್ತದೆ, "ನಿಮಗೆ ಶ್ರಿಂಪ್ ಕ್ಲೆಮಾನ್ಸೋ ತರ್ತೀನಿ" ಎಂದರು. ಅಲ್ಲಿಗೆ, ಐದುನೂರು ಚಿಲ್ಲರೆ ಕಿಲೋಮೀಟರ್ ಬಂದವಳಿಗೆ ಆ ಹೆಸರುವಾಸಿ ಗಂಬೋ ಮೂಸುವುದಷ್ಟೇ ಭಾಗ್ಯ. ಮಗಳು ತಿಂದಳು. ಅವಳ ಪಾಡು ಅವಳಿಗೆ. "ಹೇಗಿದೆ?" ಅಂದೆ. "ಕೇಳ್ಬೇಡ ಅಮ್ಮ, ಹೊಟ್ಟೆ ಉರ್ಕೋತೀಯ" ಅಂದಳು.

ಕ್ಲೆಮಾನ್ಸೋ ಅಂದರೆ ಸೀಗಡಿ, ಆಲೂಗಡ್ಡೆ ಚೂರು, ಅಣಬೆ, ಹಸಿ ಬಟಾಣಿ, ಬೆಣ್ಣೆ, ಬೆಳ್ಳುಳ್ಳಿ. ಆಲೂಗಡ್ಡೆಯ ಅಂಚು ಗರಿಗರಿ, ಒಳಗೆ ಬೆಣ್ಣೆ ಹೀರಿ ಮೆತ್ತಗೆ. ಮೊಮ್ಮಗಳು ಬಟಾಣಿಯನ್ನೆಲ್ಲ ಹೆಕ್ಕಿ ನನ್ನ ತಟ್ಟೆಗೆ ಹಾಕಿದಳು. ಕರಿದ ಕೋಳಿ ಬಗ್ಗೆ ಹೇಳುವುದಿಲ್ಲ, ಬರೆಯುತ್ತಾ ಬಾಯಲ್ಲಿ ನೀರು ಬರುತ್ತದೆ.

ಮೇಜಿನ ಮೇಲೆ ಹಾಟ್ ಸಾಸ್ ಬಾಟಲಿ ಇತ್ತು. ಅದನ್ನು ಕೈಗೆತ್ತಿಕೊಂಡ ಅಳಿಯನಿಗೆ ಮಗಳು ಕಣ್ಣು ಬಿಟ್ಟಳು. 2008ರಲ್ಲಿ ಬರಾಕ್ ಒಬಾಮಾ ಇಲ್ಲಿ ಗಂಬೋಗೆ ಹಾಟ್ ಸಾಸ್ ಹಾಕಿಕೊಂಡು ಲೀಯಮ್ಮನ ಕೈಲಿ ಬೈಸಿಕೊಂಡಿದ್ದಾರೆ. ಮುಂದೆ ಅಧ್ಯಕ್ಷರಾದರು ಅನ್ನುವುದು ಬೇರೆ ಮಾತು. ಅಡುಗೆ ರುಚಿ ನೋಡುವ ಮೊದಲೇ ಉಪ್ಪು ಸುರಿದುಕೊಳ್ಳುವ ಗಿರಾಕಿಯನ್ನು ಕಂಡರೆ ನನಗೂ ಮೈ ಉರಿಯುತ್ತಿತ್ತು. ನಾನು ಬೈಯುತ್ತಿರಲಿಲ್ಲ, ಅಷ್ಟೇ.

ಸಭೆ ನಡೆಯುತ್ತಿದ್ದದ್ದು ಮಹಡಿಯ ಮೇಲಿನ ಕೋಣೆಯಲ್ಲಿ. ನಾವು ಅಲ್ಲಿಗೆ ಹೋಗಲಿಲ್ಲ. ವಕೀಲರಾದ ಎ.ಪಿ. ಟ್ಯುರೋ, ಮುಂದೆ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದ ಥರ್ಗುಡ್ ಮಾರ್ಷಲ್, ಮಾರ್ಟಿನ್ ಲೂಥರ್ ಕಿಂಗ್ ಇಂಥವರೆಲ್ಲ ಬಂದು ಕೂತ ಹೋಟೆಲು ಇದು. 1961ರಲ್ಲಿ ಬಸ್ಸುಗಳಲ್ಲಿ ಕಪ್ಪು ಬಿಳಿ ಭೇದ ಮುರಿಯುತ್ತೇವೆ ಅಂತ ವಾಷಿಂಗ್ಟನ್‌ನಿಂದ ನ್ಯೂ ಆರ್ಲಿಯನ್ಸ್‌ಗೆ ಹೊರಟ ಫ್ರೀಡಂ ರೈಡರ್‌ಗಳಿಗೂ ಊಟ ಹಾಕಿದ್ದು ಲೀಯಮ್ಮನೇ. ಕಪ್ಪು ಜನ, ಬಿಳಿ ಜನ ಒಂದೇ ಮೇಜಿಗೆ ಕೂರುವುದು ಆಗ ಕಾನೂನಿಗೆ ವಿರುದ್ಧ. ಇಲ್ಲಿ ಕೂರುತ್ತಿದ್ದರು. ಪೊಲೀಸರಿಗೂ ಗೊತ್ತಿತ್ತು. ಆದರೆ ಒಳಗೆ ನುಗ್ಗಿ ಹಿಡಿಯಲಿಲ್ಲ. ಇಡೀ ಕೇರಿ ಉಣ್ಣುವ ಜಾಗ, ಅದರ ಮೇಲೆ ಕೈ ಹಾಕಿದರೆ ಬೀದಿಯೇ ಎದ್ದು ನಿಲ್ಲುತ್ತಿತ್ತು. ಹಾಗಂತ ಎಲ್ಲ ಸುಸೂತ್ರವಾಗಿಯೂ ನಡೆಯಲಿಲ್ಲ. ಆ ಕಾಲದಲ್ಲಿ ಒಮ್ಮೆ ಯಾರೋ ಹೋಟೆಲಿಗೆ ಬಾಂಬು ಎಸೆದರು. ಮಾರನೆ ದಿನಕ್ಕೆ ಮತ್ತೆ ಒಲೆ ಹಚ್ಚಲೇಬೇಕಲ್ಲ.

ನನ್ನನ್ನು ಕಾಡಿದ್ದು ಒಂದು ಸಣ್ಣ ಸಂಗತಿ. ಇಷ್ಟೆಲ್ಲ ಆಗುವಾಗ ಲೀಯಮ್ಮ ಎಲ್ಲಿದ್ದರು? ಅಡುಗೆಮನೆಯಲ್ಲಿ. ಮೇಲೆ ದೇಶದ ಭವಿಷ್ಯದ ಮಾತು, ಕೆಳಗೆ ಇವರು ಈರುಳ್ಳಿ ಹೆಚ್ಚುತ್ತಾ, ಎಷ್ಟು ತಲೆ, ಎಷ್ಟು ತಟ್ಟೆ, ಅನ್ನ ಸಾಲುತ್ತಾ ಅಂತ ಲೆಕ್ಕ ಹಾಕುತ್ತಾ. ಭಾಷಣ ಮಾಡುವವರ ಹೆಸರು ರಸ್ತೆಗಳಿಗೆ ಇಡುತ್ತಾರೆ. ಸಭೆ ರಾತ್ರಿ ಹನ್ನೆರಡಾದರೂ ಮುಗಿಯದಿದ್ದಾಗ ಪಾತ್ರೆ ತೊಳೆಯಲು ಕಾಯುತ್ತಾ ಕೂತವರನ್ನು ಲೀಡರ್ ಅನ್ನುವುದು ಅಪರೂಪ. ಇವರನ್ನು ಅಂದರು. ತೊಂಬತ್ತು ದಾಟಿದ ಮೇಲೂ ದಿನಾ ಅಡುಗೆಮನೆಗೆ ಬಂದು ಕೂರುತ್ತಿದ್ದರು. 2016ರಲ್ಲಿ ಜೇಮ್ಸ್ ಬಿಯರ್ಡ್ ಫೌಂಡೇಶನ್ ಅನ್ನುವ ಅಡುಗೆ ಲೋಕದ ಸಂಸ್ಥೆ ಜೀವಮಾನದ ಪ್ರಶಸ್ತಿ ಕೊಟ್ಟಿತು. ಆಗ ಅವರಿಗೆ 93.

ಊಟ ಮುಗಿದ ಮೇಲೆ ಗೋಡೆ ನೋಡುತ್ತಾ ಸುತ್ತಿದೆವು. ಎಲಿಜಬೆತ್ ಕ್ಯಾಟ್ಲೆಟ್, ಜೇಕಬ್ ಲಾರೆನ್ಸ್, ಜಾನ್ ಬಿಗರ್ಸ್ ಇಂಥ ಕಪ್ಪು ಕಲಾವಿದರ ಕೃತಿಗಳನ್ನು ಲೀಯಮ್ಮ ಕೂಡಿಸಿದ್ದರು. ಚಿಕ್ಕವರಿದ್ದಾಗ ಈ ಊರಿನ ಕಲಾ ಮ್ಯೂಸಿಯಮ್ಮಿಗೆ ಕಪ್ಪು ಜನ ಹೋಗುವಂತಿರಲಿಲ್ಲ. ಅವರು ಮೊದಲ ಸಲ ಮ್ಯೂಸಿಯಂ ಒಳಗೆ ಕಾಲಿಟ್ಟಾಗ ಐವತ್ತು ದಾಟಿತ್ತು. ಆಮೇಲೆ ಅದೇ ಮ್ಯೂಸಿಯಮ್ಮಿನ ಆಡಳಿತ ಮಂಡಳಿಯಲ್ಲಿ ಕೂತರು. ಊಟಕ್ಕೆ ಬಂದ ಕೇರಿಯ ಮಕ್ಕಳು ತಮ್ಮ ಜನರ ಚಿತ್ರಗಳನ್ನು ಕೋಳಿ ಕಾಲು ಕಚ್ಚುತ್ತಾ ನೋಡಿಕೊಂಡು ಬೆಳೆದರು. ನನ್ನ ಮೆಸ್ಸಿನ ಗೋಡೆಯಲ್ಲಿ ಇದ್ದದ್ದು ಗೊಬ್ಬರ ಕಂಪನಿಯ ಕ್ಯಾಲೆಂಡರ್.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಂದಾಗ ಊರಿನ ನೂರಕ್ಕೆ 80 ಭಾಗ ಮುಳುಗಿತು. ಈ ಕೋಣೆಗಳಲ್ಲಿ ಐದಡಿಯಷ್ಟು ನೀರು ನಿಂತಿತ್ತು. ಚಿತ್ರಗಳನ್ನು ಮೊಮ್ಮಗ ಸಾಗಿಸಿ ಉಳಿಸಿದ. ಲೀಯಮ್ಮನಿಗೆ ಆಗ 82. ಆ ವಯಸ್ಸಿಗೆ ಯಾರಾದರೂ ಸಾಕಪ್ಪ ಅನ್ನುತ್ತಾರೆ. ಇವರು ಗಂಡನ ಜೊತೆ ಹೋಟೆಲಿನ ಎದುರಿಗೇ ಸರ್ಕಾರ ಕೊಟ್ಟ ಟ್ರೈಲರ್ ಮನೆಯಲ್ಲಿ ಇದ್ದುಕೊಂಡು ರಿಪೇರಿ ಮಾಡಿಸಿದರು. 2006ರಲ್ಲಿ ಊರಿನ ಬೇರೆ ಹೋಟೆಲಿನವರು ಸೇರಿ ಇವರಿಗಾಗಿ ಒಂದು ಊಟ ಏರ್ಪಡಿಸಿ 40,000 ಡಾಲರ್ ಕೂಡಿಸಿದರು. ಹೋಟೆಲಿನವರು ಇನ್ನೊಬ್ಬ ಹೋಟೆಲಿನವರಿಗೆ ದುಡ್ಡೆತ್ತುವುದು! ನಮ್ಮ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ನನ್ನ ಗ್ಯಾಸ್ ಸಿಲಿಂಡರ್ ಮುಗಿದರೆ ಪಕ್ಕದ ಹೋಟೆಲಿನವರ ಮುಖ ಅರಳುತ್ತಿತ್ತು. 2007ರಲ್ಲಿ ಡೂಕಿ ಚೇಸ್ ಮತ್ತೆ ತೆರೆಯಿತು.

ದುಡ್ಡು ಕೂಡಿಸಿದ ಆ ದಿನದ ಊಟ ಯಾವುದು ಅಂತ ಬಡಿಸುವ ಹೆಂಗಸೇ ಹೇಳಿದರು. ಗಂಬೋ ಝರ್ಬ್, ಸೊಪ್ಪಿನ ಗಂಬೋ. ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಮಾತ್ರ ಮಾಡುತ್ತಾರೆ. ಮಾರನೆ ದಿನ ಉಪವಾಸ, ಅದಕ್ಕೆ ಹಿಂದಿನ ದಿನ ಗಟ್ಟಿ ಊಟ. ಏನೇನು ಸೊಪ್ಪು ಅಂದೆ. ಸಾಸಿವೆ ಸೊಪ್ಪು, ಕಾಲರ್ಡ್ ಸೊಪ್ಪು, ಟರ್ನಿಪ್ ಸೊಪ್ಪು, ಬೀಟ್‌ರೂಟ್ ಎಲೆ, ಕೋಸು, ಲೆಟಿಸ್, ಪಾಲಕ್, ವಾಟರ್‌ಕ್ರೆಸ್, ಕ್ಯಾರೆಟ್ ಸೊಪ್ಪು. ಬೆರಳು ಮಡಚಿ ಎಣಿಸಿದರು, ಒಂಬತ್ತು.

"ಬೆಸವೇ ಇರ್ಬೇಕು ಬೇಬಿ. ಏಳಾಗ್ಬಹುದು, ಒಂಬತ್ತಾಗ್ಬಹುದು, ಹನ್ನೊಂದಾಗ್ಬಹುದು. ಸಮ ಬಂದ್ರೆ ಕೆಟ್ಟದ್ದು."

"ಯಾಕೆ?"

"ಎಷ್ಟು ಸೊಪ್ಪು ಹಾಕ್ತೀರೋ ಅಷ್ಟು ಹೊಸ ಸ್ನೇಹಿತರು ಸಿಗ್ತಾರೆ ಅಂತ. ಸಮ ಯಾಕೆ ಬೇಡ ಅಂತ ನಮ್ಮಜ್ಜಿನೂ ಹೇಳಿಲ್ಲ."

ನಾನು ಕುರ್ಚಿಯಲ್ಲೇ ಮುಂದಕ್ಕೆ ಬಗ್ಗಿದೆ. ಇದು ಬೆರಕೆ ಸೊಪ್ಪು ಕಣ್ರೀ! ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಅಣ್ಣೆ ಸೊಪ್ಪು, ಕೀರೆ ಸೊಪ್ಪು, ಹೊನಗೊನ್ನೆ, ಗೋಣಿ ಸೊಪ್ಪು ಅಂತ ನಮ್ಮವ್ವ ಮಡಿಲು ತುಂಬ ಕಿತ್ತು ತಂದು ಮಸ್ಸೊಪ್ಪು ಮಾಡುತ್ತಿದ್ದಳು. ಮಗಳ ಬಾಯಿಂದ ಅದನ್ನು ಇಂಗ್ಲಿಷಿನಲ್ಲಿ ಹೇಳಿಸಿದೆ. ಆ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಕೇಳಿದರು. ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅದರಲ್ಲಿ ಮಾಂಸ ಏನು ಹಾಕ್ತೀರಿ?" ಏನೂ ಇಲ್ಲ, ಬೇಳೆ ಅಂದಾಗ ಅವರಿಗೆ ನನ್ನ ಮೇಲೆ ಮರುಕ ಬಂದ ಹಾಗಿತ್ತು.

ಗಂಬೋ ಅನ್ನುವ ಹೆಸರೇ ಆಫ್ರಿಕಾದ ಭಾಷೆಗಳಲ್ಲಿ ಬೆಂಡೆಕಾಯಿಗೆ ಇರುವ ಹೆಸರಿನಿಂದ ಬಂದಿದ್ದು ಅನ್ನುತ್ತಾರೆ. ಹಡಗಿನಲ್ಲಿ ಸರಪಳಿ ಹಾಕಿ ತಂದ ಜನರ ಜೊತೆ ಬೆಂಡೆಯೂ ಬಂತು. ಹತ್ತಿರದ ಕಾಂಗೋ ಸ್ಕ್ವೇರ್‌ನಲ್ಲಿ ಆ ಗುಲಾಮರು ಭಾನುವಾರಗಳಂದು ಸೇರಿ ಸಂತೆ ಮಾಡುತ್ತಿದ್ದರು, ಕುಣಿಯುತ್ತಿದ್ದರು. ಸಂಜೆ ಅಲ್ಲಿನ ಕಲ್ಲು ಹಾಸಿನ ಮೇಲೆ ಸ್ವಲ್ಪ ಹೊತ್ತು ಕೂತೆವು. ಮೊಮ್ಮಗಳು ಸುತ್ತುಗಟ್ಟಿದ ಕಲ್ಲುಗಳ ಮೇಲೆ ಕುಂಟಾಬಿಲ್ಲೆ ಆಡಿದಳು.

ನಾಲ್ಕನೇ ದಿನ, ಬುಧವಾರ

ವಾಪಸ್ ಹೊರಡುವ ದಿನ. ನೇರ ಪಶ್ಚಿಮಕ್ಕೆ ಹೋಗುವ ಬದಲು ಉತ್ತರಕ್ಕೆ ತಿರುಗಿದೆವು. ಪಾಂಚಟ್ರೇನ್ ಸರೋವರದ ಮೇಲೆ ಸುಮಾರು 38 ಕಿಲೋಮೀಟರ್ ಸೇತುವೆ. ನಡುವೆ ಒಂದು ಕಡೆ ಹಿಂದೆಯೂ ದಡ ಕಾಣದು, ಮುಂದೆಯೂ ಕಾಣದು. ನನಗೆ ತಲೆ ಸುತ್ತಿ ಕಣ್ಣು ಮುಚ್ಚಿ ಕೂತೆ.

ಆಚೆ ದಡದ ಮ್ಯಾಡಿಸನ್‌ವಿಲ್ ಲೀಯಮ್ಮ ಬೆಳೆದ ಊರು. ಹೊಳೆ ದಂಡೆಯ ಸಣ್ಣ ಊರು, ದೋಣಿಗಳು, ಪಾಚಿ ಜೋತುಬಿದ್ದ ಮರಗಳು. ಅವರ ಅಪ್ಪ ಹಡಗು ಕಟ್ಟುವ ಕಡೆ ಕೆಲಸಕ್ಕಿದ್ದರು. ಮನೆ ತುಂಬ ಮಕ್ಕಳು. ಸ್ಟ್ರಾಬೆರಿ ಕೊಯ್ಯುವ ಕೂಲಿಗೆ ಹೋಗುತ್ತಿದ್ದರು. ಕಪ್ಪು ಹುಡುಗಿಯರಿಗೆ ಇಲ್ಲಿ ಕ್ಯಾಥೊಲಿಕ್ ಹೈಸ್ಕೂಲು ಇರಲಿಲ್ಲ. ಅದಕ್ಕೇ ನಗರದ ಚಿಕ್ಕಮ್ಮನ ಮನೆಗೆ ಓದಲು ಕಳಿಸಿದರು. ಈ ಸೇತುವೆ ಆಗಿದ್ದು 1956ರಲ್ಲಿ. ಇವರು ಹೊರಟಾಗ ನಗರ ಅನ್ನುವುದು ನೀರಿನ ಆಚೆಗಿನ ಬೇರೆ ದೇಶವೇ ಇದ್ದಿರಬೇಕು. ಊರಲ್ಲಿ ನೋಡಲು ಬೇರೇನೂ ವಿಶೇಷ ಸಿಗಲಿಲ್ಲ. ದಂಡೆಯ ಮೇಲೆ ಒಂದರ್ಧ ಗಂಟೆ ಕಾಲು ಚಾಚಿ ಕೂತು ಎದ್ದೆವು.

ದಾರಿಯಲ್ಲಿ ಒಬ್ಬ ರೈತ ಗಾಡಿ ಹಿಂದೆ ಸ್ಟ್ರಾಬೆರಿ ಇಟ್ಟುಕೊಂಡು ನಿಂತಿದ್ದ. ಈಗ ಅದರ ಕಾಲ. ಒಂದು ಪೆಟ್ಟಿಗೆ ತೆಗೆದುಕೊಂಡೆವು. ಪಕ್ಕದಲ್ಲೇ ಸಾಸಿವೆ ಸೊಪ್ಪು, ಕಾಲರ್ಡ್, ಟರ್ನಿಪ್ ಸೊಪ್ಪಿನ ಕಟ್ಟುಗಳು. ಮೂರೂ ತೆಗೆದುಕೊಂಡೆ. "ಅತ್ತೆ, ಇಷ್ಟೆಲ್ಲ ಯಾಕೆ?" ಎಂದ ಅಳಿಯ. ಸುಮ್ಮನೆ ಗಾಡಿ ಓಡಿಸಪ್ಪ ಅಂದೆ.

ಮನೆ ಸೇರಿದಾಗ ರಾತ್ರಿ ಎಂಟು. ಎಲ್ಲರೂ ಪಿಜ್ಜಾ ತರಿಸೋಣ ಅನ್ನುತ್ತಿದ್ದರು. ನಾನು ಸೊಗಸಾಗಿ ಕಾಲು ತೊಳೆದುಕೊಂಡು ಫ್ರಿಜ್ ತೆಗೆದೆ. ಪಾಲಕ್ ಇತ್ತು. ಮೆಂತ್ಯ ಇತ್ತು. ಇಂಡಿಯನ್ ಅಂಗಡಿಯಿಂದ ತಂದ ದಂಟು ಸ್ವಲ್ಪ ಬಾಡಿತ್ತು, ಪರವಾಗಿಲ್ಲ. ಸಬ್ಬಸಿಗೆ ಅರ್ಧ ಕಟ್ಟು. ಕೋಸಿನ ತುಂಡು. ಕುಕ್ಕರಿಗೆ ತೊಗರಿಬೇಳೆ ಹಾಕಿ ಸೊಪ್ಪು ಸೋಸಲು ಕೂತೆ. ಮೊಮ್ಮಗಳು ಕಟ್ಟುಗಳನ್ನು ಸಾಲಾಗಿ ಇಟ್ಟು ಎಣಿಸಿದಳು.

"ಅಜ್ಜಿ, ಎಂಟೇ ಇದೆ!"

ಮತ್ತೆ ಎಣಿಸಿದೆ. ಎಂಟೇ. ಕೋಸನ್ನು ಬಿಟ್ಟರೆ ಏಳಾಗುತ್ತದೆ, ಸುಲಭದ ದಾರಿ. ಅವಳು ಒಪ್ಪಲಿಲ್ಲ. ಹಿತ್ತಲ ಬಾಗಿಲು ತೆಗೆದು ಕತ್ತಲಲ್ಲಿ ಓಡಿದಳು. ಬರುವಾಗ ಕೈಯಲ್ಲಿ ಮಗಳ ಕುಂಡದ ದೊಡ್ಡಪತ್ರೆ, ಬೇರು ಮಣ್ಣು ಸಮೇತ.

ಮಸ್ಸೊಪ್ಪಿಗೆ ದೊಡ್ಡಪತ್ರೆ ಯಾರೂ ಹಾಕುವುದಿಲ್ಲ. ಅದರ ಘಾಟು ಉಳಿದ ಎಂಟನ್ನೂ ನುಂಗಿಬಿಡುತ್ತದೆ. ಎರಡು ಎಲೆ ಕಿತ್ತು ತೊಳೆದು ಹಾಕಿದೆ. ಉಳಿದ ಗಿಡವನ್ನು ಮಗಳಿಗೆ ಕಾಣದ ಹಾಗೆ ಕುಂಡಕ್ಕೇ ನೆಟ್ಟು ಬಾ ಅಂತ ಕಳಿಸಿದೆ.